ಬುಡ್ಡೇಸಾಬನ ಮೂಗು ಮತ್ತು ಮಲೇಶಿಯಾದ ಬೀಜ

ಸಿಂಧನೂರಿನಲ್ಲಿ ಮೂಗು ಎಲ್ಲರ ಮುಖದ ಮೇಲೂ ಇದೆ. ಆದರೆ ಕೆಲಸಕ್ಕೆ ಬರುವ ಮೂಗು ಇಡೀ ತಾಲ್ಲೂಕಿಗೆ ಒಂದೇ, ಅದು ಗ್ಯಾಸ್ ಗಾಡಿಯ ಬುಡ್ಡೇಸಾಬನದು. ಈ ಮಾತನ್ನು ಇಪ್ಪತ್ತೆರಡು ವರ್ಷದಿಂದ ಬುಡ್ಡೇಸಾಬನೇ ಹೇಳಿಕೊಂಡು ಬಂದಿದ್ದ. ಊರೂ ಒಪ್ಪಿಕೊಂಡಿತ್ತು, ಯಾಕೆಂದರೆ ಎದುರು ನಿಂತು ಅಲ್ಲಗಳೆಯೋಣವೆಂದರೆ ಆತ ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಮಾತನ್ನು ನಿಮ್ಮ ಬಾಗಿಲಲ್ಲಿ ಬಿಟ್ಟು, ಸಿಲಿಂಡರನ್ನು ಹೆಗಲಿಗೇರಿಸಿಕೊಂಡು, ಆಗಲೇ ಮುಂದಿನ ಓಣಿಯಲ್ಲಿ ಇರುತ್ತಿದ್ದ.

ಸಿಲಿಂಡರಿನ ಬಾಯಿಗೆ ಸಾಬೂನು ನೀರು ಬಿಟ್ಟು, ಗುಳ್ಳೆ ಏಳುತ್ತದೋ ಇಲ್ಲವೋ ನೋಡಿ ಗಿರಾಕಿಗೆ ಕೊಡಬೇಕೆಂಬುದು ನಿಯಮ. ಬುಡ್ಡೇಸಾಬನ ಪ್ರಕಾರ ಅದು ಮೂಗಿಲ್ಲದವರ ಕೆಲಸ. ಆತ ಸೀಲು ಕಿತ್ತು, ಸೊಂಟ ಬಗ್ಗಿಸಿ, ಬಲಗಡೆಯ ಹೊಳ್ಳೆಯಿಂದ ಒಂದೇ ಒಂದು ಉಸಿರು ಎಳೆದು, "ಹಾಲಿನಂಗೈತಿ" ಅನ್ನುತ್ತಿದ್ದ. ಮುಗಿಯಿತು, ಆ ಸಿಲಿಂಡರ್ ಸೋರಿದ ದಾಖಲೆಯಿಲ್ಲ. ಒಮ್ಮೆ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಮುಂದೆ ನಿಂತು ಗಾಳಿ ಎಳೆದು, ಗೊರೇಬಾಳದ ಯಾರದೋ ಮನೆಯಲ್ಲಿ ಸಿಲಿಂಡರಿನ ವಾಷರ್ ಹೋಗಿದೆ ಅಂದನಂತೆ. ಹೋಗಿ ನೋಡಿದರೆ ನಿಜವಾಗಿಯೂ ಹೋಗಿತ್ತು. ಆ ದಿನ ಗಾಳಿ ಸಿಂಧನೂರಿನಿಂದ ಗೊರೇಬಾಳದ ಕಡೆಗೆ ಬೀಸುತ್ತಿತ್ತು ಎಂಬ ಸಣ್ಣ ವಿಷಯವನ್ನು ಯಾರೂ ಎತ್ತಲಿಲ್ಲ.

ಇನ್ನು ಚಾ. ನಮ್ಮ ಕಡೆ ಗ್ಯಾಸ್ ತಂದವನನ್ನು ಚಾ ಕುಡಿಸದೆ ಕಳಿಸುವುದೆಂದರೆ ನಾಟಿ ಮಾಡುವ ಹೊತ್ತಿನಲ್ಲಿ ಕಾಲುವೆಯ ನೀರಿಗೆ ಅಡ್ಡ ಮಲಗಿದಂತೆ. ಮುಂದಿನ ಸಿಲಿಂಡರ್ ಬರುವುದು ಯಾವಾಗಲೋ ದೇವರಿಗೇ ಗೊತ್ತು. ಹಾಗಾಗಿ ಖಾಲಿ ಸಿಲಿಂಡರ್ ಬಿಚ್ಚಿ ಹೊಸದನ್ನು ಕೂಡಿಸಿದ ಕೂಡಲೇ, ಒಲೆ ಹೊತ್ತುತ್ತದೋ ಇಲ್ಲವೋ ನೋಡುವ ನೆಪದಲ್ಲಿ ಅದರ ಮೇಲೆ ಮೊದಲು ಏರುವುದು ಬುಡ್ಡೇಸಾಬನ ಚಾ. ಅದೂ ಎಂಥ ಚಾ. ಚಮಚ ನಿಂತರೆ ಚಾ, ಬಿದ್ದರೆ ಬಿಸಿನೀರು. ದಿನಕ್ಕೆ ಇಪ್ಪತ್ತೈದು ಮನೆ, ಇಪ್ಪತ್ತೈದು ಕಪ್ಪು. ಕುಳಿತು ಕುಡಿಯುವ ತಾಳ್ಮೆ ಇಲ್ಲದ್ದಕ್ಕೆ ಎಲ್ಲವೂ ನಿಂತೇ ಒಳಗಿಳಿಯುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಆತ ಕುಡಿದ ಸಕ್ಕರೆಯನ್ನು ಕರಗಿಸದೆ ಒಂದೆಡೆ ಸುರಿದಿದ್ದರೆ ಮಸ್ಕಿಯ ಗುಡ್ಡ ಅದರ ಮುಂದೆ ಇರುವೆಯ ಗೂಡಿನಂತೆ ಕಾಣುತ್ತಿತ್ತು.

ಹೀಗಿರಲು ಗ್ಯಾಸ್ ಆಫೀಸಿನ ಪಂಪಾವತಿ ಮೇಡಂ ಒಂದು ಹುಕುಂ ಹೊರಡಿಸಿದರು. ಐವತ್ತು ದಾಟಿದ ಡ್ರೈವರುಗಳೆಲ್ಲ ರಕ್ತ ತಪಾಸಣೆ ಮಾಡಿಸಿಕೊಂಡು ಬರಬೇಕು. ಖಾಲಿ ಹೊಟ್ಟೆಯ ಶುಗರ್ ನೂರಾ ನಲವತ್ತರ ಒಳಗಿದ್ದರೆ ಗಾಡಿ. ದಾಟಿದರೆ ಚಾವಿಯನ್ನು ಟೇಬಲ್ಲಿನ ಮೇಲಿಟ್ಟು, ಗೋದಾಮಿನ ಕುರ್ಚಿಯಲ್ಲಿ ಕುಳಿತು ಖಾಲಿ ಸಿಲಿಂಡರ್ ನೋಡಿಕೊಳ್ಳುವ ಕೆಲಸ. ಪಗಾರ ಅಷ್ಟೇ, ಬಿಸಿಲಿಲ್ಲ, ಹೆಗಲ ನೋವಿಲ್ಲ. ಬೇರೆಯವರು ಅದಕ್ಕಾಗಿ ಹರಕೆ ಹೊರುತ್ತಿದ್ದರು. ಬುಡ್ಡೇಸಾಬನಿಗೆ ಮಾತ್ರ 'ಕುಳಿತು' ಎಂಬ ಮಾತು ಕೇಳಿಯೇ ಅಂಗಾಲು ಉರಿಯತೊಡಗಿತು. ತನ್ನ ನಿಕಾಹದಲ್ಲೂ ಖಾಜಿಸಾಹೇಬರು ಎರಡು ಸಲ ಕೈಹಿಡಿದು ಕೂರಿಸಬೇಕಾಗಿ ಬಂದಿದ್ದ ಮನುಷ್ಯ ಆತ.

ರಕ್ತ ಕೊಟ್ಟ. ಇನ್ನೂರಾ ಅರವತ್ತೆಂಟು ಬಂತು.

ಡಾಕ್ಟರು ಕಾಗದ ನೋಡಿ, ಗಾಬರಿಯಾಗಬೇಡ, ಗುಳಿಗೆ ಆಮೇಲೆ ನೋಡೋಣ, ಮೊದಲು ಹದಿನೈದು ದಿನ ಚಾ ಮತ್ತು ಸಿಹಿ ಪೂರ್ತಿ ಬಿಟ್ಟು ಮತ್ತೆ ಬಾ ಅಂದರು. ಮೇಡಮ್ಮೂ ಆ ಹದಿನೈದು ದಿನದ ಮುದ್ದತು ಕೊಟ್ಟರು. ಬುಡ್ಡೇಸಾಬ ಮನೆಗೆ ಬಂದು ಹೆಂಡತಿ ಇಮಾಮ್‌ಬೀಗೆ ಡಾಕ್ಟರ ಮಾತನ್ನು ಮುಟ್ಟಿಸಿ, ಕೂಡಲೇ ತಳ್ಳಿಹಾಕಿದ. ಚಾ ಬೇಡವೆಂದರೆ ಗಿರಾಕಿಗಳು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಒಬ್ಬನ ಸಕ್ಕರೆಗಾಗಿ ಇಪ್ಪತ್ತೈದು ಮನೆಯ ಮರ್ಯಾದೆ ಕಳೆಯುವುದು ಸರಿಯಲ್ಲ. ಇದಕ್ಕೆ ಬೇರೆ ಇಲಾಜು ಇರಲೇಬೇಕು.

ಇಲಾಜು ಮೂರನೆಯ ದಿನ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬಂತು.

ತಂದವನು ಇಮಾಮ್‌ಬೀಯ ತಮ್ಮ ಮುಕ್ತಿಯಾರ್. ನಾಲ್ಕು ವರ್ಷ ಮಲೇಶಿಯಾದ ಹೋಟೆಲೊಂದರಲ್ಲಿ ಅಡುಗೆ ಮಾಡಿ, ಮೊನ್ನೆಯಷ್ಟೇ ಲಿಂಗಸುಗೂರಿನ ಮನೆಗೆ ಮರಳಿದ್ದ. ಅಕ್ಕ-ಭಾವನನ್ನು ನೋಡಲು ಬರುವಾಗ ಒಂದು ಬ್ಯಾಗು ತಂದ. ಆ ಬ್ಯಾಗಿನ ಪ್ರತಾಪ ದಾರಿಯಲ್ಲೇ ಶುರುವಾಗಿತ್ತು. ಮಸ್ಕಿ ಮುಟ್ಟುವಷ್ಟರಲ್ಲಿ ಬಸ್ಸಿನ ಮಂದಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿ, ಕಿಟಕಿ ತೆಗೆದು, ಆಮೇಲೆ ಬಸ್ಸನ್ನೇ ನಿಲ್ಲಿಸಿ ಇಳಿದರು. ಕಂಡಕ್ಟರು ಸೀಟಿನ ಕೆಳಗೆ ಸತ್ತ ಇಲಿ ಹುಡುಕಿದ. ಎಲ್ಲರಿಗಿಂತ ಆಸ್ಥೆಯಿಂದ ಹುಡುಕಿಕೊಟ್ಟವನು ಮುಕ್ತಿಯಾರನೇ. ಇಲಿ ಸಿಗಲಿಲ್ಲ.

ಸಿಂಧನೂರಿನ ಮನೆಯಲ್ಲಿ ಬ್ಯಾಗು ಬಿಚ್ಚಿದಾಗ ಮೊಳದುದ್ದದ, ತಿರುಚಿಕೊಂಡ ಹಸಿರು ಕಾಯಿಗಳು ಹೊರಬಂದವು. ಸುಲಿದರೆ ಒಳಗೆ ಬಾದಾಮಿಯಷ್ಟು ದಪ್ಪದ, ಅವರೆಕಾಳಿಗಿಂತ ಹಸಿರಾದ ಬೀಜ. ಅಲ್ಲಿಯವರು ಅದಕ್ಕೆ ಪೆಟಾಯ್ ಅನ್ನುತ್ತಾರಂತೆ.

"ದುಲ್ಹಾಭಾಯ್, ಇದನ್ನ ತಿನ್ನೋ ಮಂದೀಗೆ ಶುಗರ್ ಅಂದ್ರ ಏನಂತ ಗೊತ್ತಿಲ್ಲ. ಬಿ.ಪಿ. ಇಲ್ಲ, ಮೊಣಕಾಲ ನೋವಿಲ್ಲ. ನಮ್ಮ ಹೋಟೆಲ್ ಮಾಲಕಗ ಎಂಬತ್ತಾರು ವರ್ಷ, ಹೋದ ವರ್ಷ ಮೂರನೇ ಲಗ್ನ ಆಗ್ಯಾನ," ಎಂದ ಮುಕ್ತಿಯಾರ್.

"ವಾಸನಿಗೆ ಮೊದಲಿನ ಇಬ್ರು ಓಡಿಹೋಗಿರಬೇಕು," ಎಂದಳು ಇಮಾಮ್‌ಬೀ, ಮೂಗಿನಿಂದ ಸೆರಗು ತೆಗೆಯದೆ.

ದಿನಕ್ಕೆ ಮೂರು ಕಾಳು, ಹಸಿಯಾಗಿ, ಅಷ್ಟೇ ಸಾಕೆಂದು ಹೇಳಿ ಮುಕ್ತಿಯಾರ್ ಸಂಜೆಯ ಬಸ್ಸಿಗೆ ಹೊರಟುಹೋದ. ಅಲ್ಲಿಗೇ ನಿಂತಿದ್ದರೆ ಈ ಕಥೆ ಬಸ್ಸಿನಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬುಡ್ಡೇಸಾಬ ಭತ್ತದ ಸೀಮೆಯ ಮನುಷ್ಯ. ಇಮಾಮ್‌ಬೀಯ ಸೋದರಮಾವಂದಿರು ಗೊರೇಬಾಳದಲ್ಲಿ ಪ್ರತಿ ಹಂಗಾಮಿಗೂ ಬೀಜದ ಭತ್ತವನ್ನು ನೆನೆಹಾಕಿ, ಹಸಿ ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಕಲ್ಲು ಹೇರಿ ಮೊಳಕೆ ತರಿಸುವುದನ್ನು ಆತ ಕಣ್ಣಾರೆ ಕಂಡಿದ್ದ. ಒಣಬೀಜ ನಿದ್ದೆ ಮಾಡುತ್ತಿರುತ್ತದೆ, ಮೊಳಕೆ ಬಂದಾಗಲೇ ಅದರ ತಾಕತ್ತು ಏಳುವುದು. ಇಷ್ಟು ಸಣ್ಣ ಮಾತು ಮಲೇಶಿಯಾದವರಿಗೆ ಹೊಳೆದಿಲ್ಲವೆಂದರೆ ಅಲ್ಲಿ ಕಾಲುವೆ ಇರಲಿಕ್ಕಿಲ್ಲ ಎಂದು ಆತ ತೀರ್ಮಾನಿಸಿದ.

ಬೀಜವನ್ನೆಲ್ಲ ಒಂದು ದಿನ ನೆನೆಹಾಕಿ, ಗೋಣಿಯಲ್ಲಿ ಕಟ್ಟಿದ. ಇಮಾಮ್‌ಬೀ ಆ ಗಂಟು ಮನೆಯೊಳಗಿದ್ದರೆ ತಾನು ಗೊರೇಬಾಳದಲ್ಲಿರುತ್ತೇನೆ ಅಂದಳು. ಹಾಗಾಗಿ ಬುಡ್ಡೇಸಾಬ ಅದನ್ನು ತನ್ನ ಗ್ಯಾಸ್ ಗಾಡಿಗೆ ಸಾಗಿಸಿದ. ಆ ಗಾಡಿಯ ಎಂಜಿನ್ ಇರುವುದು ಡ್ರೈವರನ ಸೀಟಿನ ಅಡಿಯಲ್ಲಿ. ಮೇಲೆ ಗೋಣಿ, ಗೋಣಿಯ ಮೇಲೆ ಸೀಟು, ಸೀಟಿನ ಮೇಲೆ ಬುಡ್ಡೇಸಾಬ. ಹುಲ್ಲಿನ ಬಿಸಿಗೆ ಎಂಜಿನ್, ಕಲ್ಲಿನ ಭಾರಕ್ಕೆ ಆತನೇ. ಇಂಥ ಅನುಕೂಲ ಯಾವ ಭತ್ತಕ್ಕೂ ಸಿಕ್ಕಿಲ್ಲ.

ಮೂರು ದಿನ ಹೀಗೆ ಬೆಂದ ಮೇಲೆ ಗಂಟು ಬಿಚ್ಚಿದ. ಗಾಡಿಯ ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು, ಬುಡ್ಡೇಸಾಬನ ಮುಖವನ್ನೊಮ್ಮೆ ನೋಡಿ, ತುರ್ವಿಹಾಳದ ದಾರಿ ಹಿಡಿಯಿತು. ಇವತ್ತಿಗೂ ಮರಳಿಲ್ಲ. ಬುಡ್ಡೇಸಾಬನಿಗೆ ಮಾತ್ರ ಏನೂ ಅನಿಸಲಿಲ್ಲ. ಮೊದಲ ದಿನ ಒಂದಿಷ್ಟು ಘಾಟು ಹತ್ತಿತ್ತು, ಔಷಧಿ ಅಂದಮೇಲೆ ಇರಬೇಕಾದ್ದೇ ಅಂದುಕೊಂಡ. ಎರಡನೆಯ ದಿನ ಅರ್ಧ ಹತ್ತಿತು. ಮೂರನೆಯ ದಿನ, ಎಮ್ಮೆ ಕಾಯುವವನಿಗೆ ಸಗಣಿ ನಾರದಂತೆ, ಲೋಕವೆಲ್ಲ ಹಾಲಿನಂತಿತ್ತು. ಬೀಜಕ್ಕೆ ಬಿಳಿ ಬಾಲ ಬಂದಿತ್ತು. ಮೂರರ ಬದಲು ಒಂಬತ್ತು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮತ್ತೆ ಕಟ್ಟಿ ಸೀಟಿನ ಕೆಳಗಿಟ್ಟು, ಗಾಡಿ ಚಾಲೂ ಮಾಡಿದ.

ಮೊದಲ ಮನೆ ರೇಣುಕಮ್ಮ ಟೀಚರದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಬುಡ್ಡೇಸಾಬ ಅಡುಗೆಮನೆಯಲ್ಲಿ ಸಿಲಿಂಡರ್ ಇಳಿಸಿ ಬೆನ್ನು ನೇರ ಮಾಡುವಷ್ಟರಲ್ಲಿ ಟೀಚರು ಕಿಟಕಿ ತೆಗೆದು, ಮೇನ್ ಸ್ವಿಚ್ಚಿನ ಕಡೆ ಓಡಿ, ಅಲ್ಲಿ ನಿಂತು, ಸ್ವಿಚ್ಚು ಒತ್ತಬಾರದೆಂದು ನೆನಪಾಗಿ ವಾಪಸು ಓಡಿಬಂದರು.

"ಸಾಬಣ್ಣ, ಗ್ಯಾಸ್ ಸೋರಾಕತ್ತೈತಿ."

ಬುಡ್ಡೇಸಾಬ ಬಗ್ಗಿದ. ಬಲಗಡೆಯ ಹೊಳ್ಳೆಯಿಂದ ಎಳೆದ. "ಇಲ್ರೀ ಟೀಚರಮ್ಮ. ಹಾಲಿನಂಗೈತಿ."

"ನಿನ್ನ ಹಾಲು ಒಡದೈತಿ. ಹೊರಗ ಒಯ್ಯಿ."

ಗಾಡಿಯಿಂದ ಇನ್ನೊಂದು ತಂದ. ಅದೂ ಸೋರುತ್ತಿದೆ ಅಂದರು. ಮೂರನೆಯದು ತರುವಷ್ಟರಲ್ಲಿ ಟೀಚರ ಅತ್ತೆಯನ್ನು ಮಂಚದ ಸಮೇತ ಅಂಗಳಕ್ಕೆ ಎತ್ತಿಟ್ಟಿದ್ದರು. ಅತ್ತೆ ಹತ್ತು ವರ್ಷದಿಂದ ತನಗೆ ಏನೂ ವಾಸನೆ ಹತ್ತುವುದಿಲ್ಲ ಎಂದು ಕೊರಗುತ್ತಿದ್ದವರು; ಅಂದು ಬುಡ್ಡೇಸಾಬನ ಕೈಹಿಡಿದು, ಈಗ ಹತ್ತಿತು ನೋಡಪ್ಪ ಎಂದು ಕಣ್ಣೀರು ಹಾಕಿದರು. ಸಂತೋಷವೋ ಘಾಟೋ, ಯಾರೂ ವಿಚಾರಿಸಲಿಲ್ಲ. ಒಲೆ ಹಚ್ಚುವ ಮಾತೇ ಇರಲಿಲ್ಲವಾದ್ದರಿಂದ ಚಾ ಕೂಡ ಇರಲಿಲ್ಲ.

ಆ ದಿನ ಹನ್ನೊಂದು ಮನೆಗೆ ಹೋದ, ಹನ್ನೊಂದು ಮನೆಯೂ ಬೀದಿಗೆ ಬಂತು. ಮಾರನೆಯ ದಿನ ಗೊರೇಬಾಳ. ಅಲ್ಲಿನ ದುರುಗಪ್ಪನ ಖಾನಾವಳಿಯ ಹಿಂದೆ ಗಾಡಿ ನಿಲ್ಲಿಸಿದ ಐದು ನಿಮಿಷಕ್ಕೆ ಊಟಕ್ಕೆ ಕುಳಿತವರೆಲ್ಲ ಕೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಬೈಕಿನವರು ಕಿಡಿ ಹಾರೀತೆಂದು ಬೈಕನ್ನು ಅರ್ಧ ಮೈಲಿ ತಳ್ಳಿಕೊಂಡು ಹೋಗಿ ಚಾಲೂ ಮಾಡಿದರು. ಒಬ್ಬ ಮುದುಕ ಆಗತಾನೆ ಹಚ್ಚಿದ ಬೀಡಿಯನ್ನು ಕಾಲುವೆಗೆ ಎಸೆದು, ಅದು ತೇಲಿಹೋಗುವುದನ್ನು ಬಹಳ ಹೊತ್ತು ನೋಡಿದ. ಇಷ್ಟೆಲ್ಲ ಆದ ಮೇಲೆ, ಈಗ ಸರಿಹೋಯಿತು ಎಂದು ಬುಡ್ಡೇಸಾಬ ಗಾಡಿ ತೆಗೆದುಕೊಂಡು ಹೋದ. ನಿಜಕ್ಕೂ ಸರಿಹೋಯಿತು. ಸೋರುವ ಗ್ಯಾಸನ್ನು ಸಾಹಸದಿಂದ ನಿಲ್ಲಿಸಿದ ಕೀರ್ತಿ ಆತನಿಗೇ ಬಂತು. ಆದರೆ ತುರ್ವಿಹಾಳದ ಮಂದಿ ಆತ ಬರುವ ಮೊದಲೇ ಸುದ್ದಿ ಕೇಳಿ, ಊರ ಹೊರಗೇ ತಡೆದು, ಸಿಲಿಂಡರನ್ನು ಬಯಲಿನಲ್ಲಿಡು, ಗಾಳಿ ಆಡಿದ ಮೇಲೆ ನಾವೇ ಒಯ್ಯುತ್ತೇವೆ ಅಂದರು.

ಬುಡ್ಡೇಸಾಬನಿಗೆ ದಿಗಿಲು ಶುರುವಾಯಿತು. ಒಂದೋ ಗ್ಯಾಸ್ ತುಂಬುವ ಕಡೆಯಿಂದಲೇ ಒಡಕು ಮಾಲು ಬರುತ್ತಿದೆ, ಇಲ್ಲವೇ ಹೊಸ ಕಾಲುವೆ ನೀರು ಕುಡಿದು ಇಡೀ ತಾಲ್ಲೂಕಿನ ಮೂಗು ಕೆಟ್ಟಿದೆ. ತನ್ನದು ಸರಿಯಿತ್ತು, ಅದರಲ್ಲಿ ಸಂಶಯವಿರಲಿಲ್ಲ. ಈ ಚಿಂತೆಯಲ್ಲಿ ಶುಗರ್ ಏರಬಾರದೆಂದು ಒಂಬತ್ತು ಕಾಳನ್ನು ಹದಿನೈದಕ್ಕೆ ಏರಿಸಿದ. ಈಗ ವಾಸನೆ ಗೋಣಿಯಲ್ಲಷ್ಟೇ ಇರಲಿಲ್ಲ. ಉಸಿರಿಗೆ ಬಂತು, ಬೆವರಿಗೆ ಬಂತು. ಉಳಿದ ಕಡೆಯ ಸುದ್ದಿಯನ್ನು ಮರ್ಯಾದಸ್ಥರು ಹೇಳಬಾರದು. ಮನೆಯ ಬಚ್ಚಲಿಗೆ ಇಮಾಮ್‌ಬೀ ಎರಡು ದಿನ ನೆರೆಮನೆಗೆ ಹೋದಳು ಎಂದರೆ ಸಾಕು. ಆತ ಜುಮ್ಮಾ ನಮಾಜಿಗೆ ನಿಂತರೆ ಎಡಕ್ಕೆ ಮೂವರು, ಬಲಕ್ಕೆ ಮೂವರು ಸರಿದು, ಸಾಲಿನ ನಡುವೆ ಒಂದು ಎತ್ತಿನ ಬಂಡಿ ಹೋಗುವಷ್ಟು ದಾರಿಯಾಯಿತು. ಆತ ಅದನ್ನು ಹಿರಿಯರಿಗೆ ಕೊಡುವ ಗೌರವವೆಂದು ತಿಳಿದ.

ಹನ್ನೆರಡನೆಯ ದಿನ ಪಂಪಾವತಿ ಮೇಡಂ ಕರೆಸಿದರು. ಅವರ ಟೇಬಲ್ಲಿನ ಮೇಲೆ ಐವತ್ತಮೂರು ದೂರು ಇದ್ದವು, ಒಂದರಲ್ಲಂತೂ ಇಡೀ ಗೊರೇಬಾಳದ ಹೆಬ್ಬೆಟ್ಟು ಇತ್ತು. ಬುಡ್ಡೇಸಾಬ ಒಳಗೆ ಕಾಲಿಟ್ಟು, ಕುರ್ಚಿ ತೋರಿಸಿದರೂ ಕೂಡದೆ, ಮೇಜಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತ ತನ್ನ ಕಾಲುವೆ ನೀರಿನ ಸಿದ್ಧಾಂತ ಹೇಳತೊಡಗಿದ. ಮೇಡಂ ನಡುವೆಯೇ ಎದ್ದು, ಆಫೀಸಿನ ಚಾ ಮಾಡುವ ಒಲೆಯನ್ನು ಮುಟ್ಟಿ ನೋಡಿ, ಅದನ್ನು ಸಿಲಿಂಡರ್ ಸಮೇತ ಬೀದಿಗೆ ಹಾಕಿಸಿದರು. ವಾಪಸು ಬಂದರೆ ವಾಸನೆ ಕುರ್ಚಿಯ ಪಕ್ಕದಲ್ಲೇ ಓಡಾಡುತ್ತಿತ್ತು. ಎಲ್ಲೋ ನೆಲದಡಿಯಲ್ಲಿ ಸೋರುತ್ತಿದೆ ಎಂದು ಅವರಿಗೆ ಬೆವರು ಬಂತು.

"ನಾಡದು ರಾಯಚೂರಿಂದ ಕಂಪನಿ ಸಾಹೇಬ್ರು ಬರ್ತಾರ," ಅಂದರು, ಕರ್ಚೀಫಿನೊಳಗಿಂದ. "ಸಿಲಿಂಡರಿಂದು ತಪ್ಪಿದ್ರ ಲೋಡು ವಾಪಸ್. ನಿಂದು ತಪ್ಪಿದ್ರ ಚಾವಿ ಇಲ್ಲಿ ಇಡಬೇಕು ಸಾಬಣ್ಣ. ಶುಗರ್ ಗಿಗರ್ ಆಮ್ಯಾಗ."

ಹದಿನಾಲ್ಕನೆಯ ದಿನ ಗೋದಾಮಿನ ಅಂಗಳದಲ್ಲಿ ಜಾತ್ರೆಯಷ್ಟು ಮಂದಿ. ಆದರೆ ಎಲ್ಲರೂ ಓಡಲು ತಯಾರಾಗಿ, ಒಂದು ಕಾಲು ಮುಂದಿಟ್ಟು ನಿಂತಿದ್ದರು. ರೇಣುಕಮ್ಮ ಟೀಚರು ರಜೆ ಹಾಕಿ ಬಂದಿದ್ದರು. ದುರುಗಪ್ಪ ಅಂದು ದುಡ್ಡು ಕೊಡದೆ ಎದ್ದುಹೋದವರ ಊಟದ ಪಟ್ಟಿ ತಂದಿದ್ದ. ಸುರಕ್ಷತೆ ನೋಡುವ ಸುನೀಲ ಸಾಹೇಬರು ಎಳೆಯ ವಯಸ್ಸಿನವರು, ಹೆಗಲ ಚೀಲದಲ್ಲಿ, ಗ್ಯಾಸ್ ಸೋರಿದರೆ ಕೀರಲು ದನಿಯಲ್ಲಿ ಕೂಗುವ ಒಂದು ಯಂತ್ರ. ಹನ್ನೆರಡು ಸಿಲಿಂಡರ್ ಸಾಲಾಗಿ ನಿಲ್ಲಿಸಿ, ಸೀಲು ಕಿತ್ತು, ಯಂತ್ರವನ್ನು ಇನ್ನೂ ಚೀಲದಲ್ಲೇ ಇಟ್ಟುಕೊಂಡು ಬುಡ್ಡೇಸಾಬನನ್ನು ಕರೆದರು. ಆತನ ಮೂಗಿನ ಖ್ಯಾತಿ ರಾಯಚೂರಿನವರೆಗೂ ಬಂದಿದೆ, ಮೊದಲು ಆತನೇ ನೋಡಲಿ ಅಂದರು.

ಇಪ್ಪತ್ತೆರಡು ವರ್ಷ ಕಾದಿದ್ದ ಗಳಿಗೆ ಇದು. ಬುಡ್ಡೇಸಾಬ ತೋಳು ಮಡಿಚಿ, ಬಿಸ್ಮಿಲ್ಲಾ ಅಂದು ಬಗ್ಗಿದ. ಮೊದಲನೆಯದು ಹಾಲಿನಂಗೈತಿ. ಎರಡನೆಯದು ಹಾಲಿನಂಗೈತಿ. ಹೀಗೆ ಹನ್ನೆರಡನ್ನೂ ಮೂಸಿ, ಎದೆ ಮುಂದೆ ಮಾಡಿ, ತನ್ನ ಕೈಯಿಂದ ಕೆಟ್ಟ ಮಾಲು ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಮಂದಿಗೆ ಕೇಳುವಂತೆ ಹೇಳಿದ.

ಸಾಹೇಬರು ಸಾಬೂನು ನೀರು ಬಿಡುತ್ತ ಬಂದರು. ಆರು ಸಿಲಿಂಡರ್ ಸುಮ್ಮನಿದ್ದವು. ಏಳನೆಯದರ ಬಾಯಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಬೆನ್ನಿಗೆ ಇನ್ನೊಂದು. ನೋಡುತ್ತಿದ್ದಂತೆ ಬಾಯಿ ತುಂಬ ನೊರೆಯಾಗಿ, ಯಂತ್ರವನ್ನು ಚೀಲದಿಂದ ತೆಗೆದು ಹತ್ತಿರ ಒಯ್ದರೆ ಅದು ಕೀರ್ ಅಂತ ಕೂಗಿಕೊಂಡಿತು. ಬುಡ್ಡೇಸಾಬ ಮತ್ತೆ ಬಗ್ಗಿ ಬಲಗಡೆಯಿಂದ ಎಳೆದ, ಎಡಗಡೆಯಿಂದ ಎಳೆದ. ಹಾಲು. ಆಗ ಆತನ ಮುಖ ನೋಡಿದ್ದರೆ, ನೀವು ಐವತ್ತಮೂರು ದೂರನ್ನೂ ಹರಿದುಹಾಕುತ್ತಿದ್ದಿರಿ.

ಏಳನೆಯದನ್ನು ಬಯಲಿಗೆ ಒಯ್ದರು. ಉಳಿದ ಐದೂ ಗುಳ್ಳೆಯಿಲ್ಲದೆ ಪಾಸಾದವು. ಯಂತ್ರ ತೆಪ್ಪಗಾಯಿತು. ಆದರೆ ವಾಸನೆ ಹೋಗಲಿಲ್ಲ. ಸುನೀಲ ಸಾಹೇಬರು ಯಂತ್ರ ಕೆಳಗಿಟ್ಟು, ತಮ್ಮ ಸ್ವಂತ ಮೂಗನ್ನು ಮುಂದೆ ಮಾಡಿ, ಕಣ್ಣು ಅರೆಮುಚ್ಚಿ ನಡೆದುಬಂದು ಬುಡ್ಡೇಸಾಬನ ಎದೆಗೆ ಡಿಕ್ಕಿ ಹೊಡೆದರು. ಎರಡು ಹೆಜ್ಜೆ ಹಿಂದೆ ಹೋಗಿ, ಆ ಬೇವಿನ ಗಿಡದತನಕ ಹೋಗಿ ಬರುತ್ತೀರಾ ಎಂದು ಕೇಳಿದರು. ಬುಡ್ಡೇಸಾಬ ಹೋದ. ಅಂಗಳಕ್ಕೆ ಉಸಿರು ಬಂತು. ಬುಡ್ಡೇಸಾಬ ಬಂದ. ಉಸಿರು ಹೋಯಿತು. ಖಾತ್ರಿಗೆಂದು ಇನ್ನೊಮ್ಮೆ ಕಳಿಸಿ ಕರೆಸಿದರು. ಮೂರನೆಯ ಸಲ ಮಂದಿಯೇ, ಸಾಹೇಬರೇ ಸಾಕು, ಆತ ಅಲ್ಲೇ ಇರಲಿ ಅಂದರು.

"ಯಜಮಾನರ, ಏನ್ ತಿಂದೀರಿ?"

ಬುಡ್ಡೇಸಾಬ ಬೇವಿನ ಗಿಡದ ಬುಡದಿಂದಲೇ ಮಲೇಶಿಯಾ, ಮೊಳಕೆ, ಎಂಜಿನ್, ಎಲ್ಲ ಹೇಳಿದ. ಸಾಹೇಬರು ಸೀಟು ಎತ್ತಿ ಗಂಟು ಬಿಚ್ಚಿದರು. ಬಿಚ್ಚಿದವರೇ ಅಂಗಳದ ತುದಿಗೆ ಓಡಿ, ಗೋಡೆ ಹಿಡಿದು ಬಗ್ಗಿ ನಿಂತರು. ದುರುಗಪ್ಪ ನೀರು ಕೊಟ್ಟ.

ಮೊದಲು ರೇಣುಕಮ್ಮ ಟೀಚರಿಗೆ ನಗು ಬಂತು. ಟೀಚರು ನಕ್ಕ ಮೇಲೆ ಇಡೀ ಅಂಗಳ ಮೂಗು ಹಿಡಿದುಕೊಂಡೇ ನಕ್ಕಿತು. ನಗದವರು ಇಬ್ಬರೇ, ಬುಡ್ಡೇಸಾಬ ಮತ್ತು ಮೇಡಂ. ಮೇಡಂ ಅಂಗೈ ಚಾಚಿದರು. ಆ ಅಂಗೈ ಮೇಲೆ ಚಾವಿ ಬೀಳಬೇಕಿತ್ತು. ಗೋದಾಮಿನ ಬಾಗಿಲಲ್ಲಿ ಆ ಕುರ್ಚಿ ನಾಲ್ಕೂ ಕಾಲೂರಿ ಕಾಯುತ್ತಿತ್ತು, ಅದರ ಮೇಲೊಂದು ಮೆತ್ತೆ ಬೇರೆ ಹಾಕಿದ್ದರು.

"ಮೇಡಂ, ಒಂದ ದಿನ," ಅಂದ ಬುಡ್ಡೇಸಾಬ. ದನಿ ಸಣ್ಣದಾಗಿತ್ತು. "ನಾಳಿಗೆ ಹದಿನೈದ ದಿನ ಮುಗೀತಾವು. ಮೂಗಿಂದು ತಪ್ಪಾತು, ಒಪ್ತೀನಿ. ರಕ್ತದ್ದು ನೋಡಿ ಚಾವಿ ಇಸಗೊರಿ."

ಸುನೀಲ ಸಾಹೇಬರು ನೀರು ಕುಡಿದು ಸುಧಾರಿಸಿಕೊಂಡು ನಡುವೆ ಬಂದರು. ಮನುಷ್ಯ ಹುಳಿ ಬಂದಿದ್ದಾನೆ ಅಷ್ಟೇ, ಕೆಟ್ಟಿಲ್ಲ ಅಂದರು. ಆದರೆ ಇನ್ನು ಮೇಲೆ ಮೂಗಿನ ವ್ಯವಹಾರ ಬಂದ್. ಪ್ರತಿ ಮನೆಯ ಬಾಗಿಲಲ್ಲಿ, ಗಿರಾಕಿಯ ಕಣ್ಣ ಮುಂದೆ, ಸಾಬೂನು ನೀರು ಬಿಟ್ಟು ತೋರಿಸಿಯೇ ಕೊಡಬೇಕು. ಅಷ್ಟು ಒಪ್ಪಿದರೆ, ನಾಳೆಯ ಕಾಗದ ನೋಡಿ ಮೇಡಂ ನಿರ್ಧರಿಸಲಿ.

ಮಾರನೆಯ ದಿನ ಬುಡ್ಡೇಸಾಬ ಲ್ಯಾಬಿನ ಮುಂದಿನ ರಸ್ತೆಯನ್ನು ಅರವತ್ತು ಸಲ ಅಳೆದ. ಲ್ಯಾಬಿನವನು ರಕ್ತ ಒಮ್ಮೆ ನೋಡಿ, ಅನುಮಾನವಾಗಿ ಮತ್ತೊಮ್ಮೆ ಚುಚ್ಚಿ, ಎರಡೂ ಕಾಗದ ಪಕ್ಕಪಕ್ಕ ಇಟ್ಟು, ಮೊದಲಿನದು ನಿಮ್ಮದೇ ರಕ್ತವಾಗಿತ್ತಾ ಎಂದು ಕೇಳಿದ. ನೂರಾ ಇಪ್ಪತ್ತಾರು ಬಂದಿತ್ತು.

ಆ ಕಾಗದ ಬುಡ್ಡೇಸಾಬನಿಗಿಂತ ಮೊದಲು ಊರು ಮುಟ್ಟಿತು. ನಿನ್ನೆ ಮೂಗು ಮುಚ್ಚಿದವರೆಲ್ಲ ಇಂದು ಅಂಗೈ ಚಾಚಿದರು. ದುರುಗಪ್ಪ ತನ್ನ ಹೆಂಡತಿಗೆ ನಾಲ್ಕು ಕಾಳು ಬೇಕೆಂದು ಫೋನ್ ಮಾಡಿದ. ಮುಕ್ತಿಯಾರ್ ಲಿಂಗಸುಗೂರಿನಲ್ಲಿ ಅದೇ ಸಂಜೆ ಏಳು ಮಂದಿಗೆ ಮುಂದಿನ ಪಾರ್ಸಲಿನ ಭರವಸೆ ಕೊಟ್ಟ. ಮೇಡಂ ಚಾವಿ ಆತನ ಬಳಿಯೇ ಇರಲಿ ಅಂದರು. ಬುಡ್ಡೇಸಾಬ ಮನೆಗೆ ಬಂದವನು ಅಂಗಳದಲ್ಲಿ ನಿಂತೇ, ಮೂಗು ಹೋದರೆ ಹೋಯಿತು, ಹಕೀಮಿ ಬಂತು, ಇನ್ನು ಸಿಂಧನೂರಿಗೆ ಶುಗರ್ ಡಾಕ್ಟರು ಬೇಕಿಲ್ಲ ಎಂದು ಓಣಿಗೆಲ್ಲ ಸಾರಿದ.

ಇಮಾಮ್‌ಬೀ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. "ಅಲ್ರೀ, ಮೊಳಕಿ ತಿಂದಾಗಿಂದ ಯಾರ ಮನ್ಯಾಗ ಚಾ ಕುಡದೀರಿ?"

ಬುಡ್ಡೇಸಾಬ ಯೋಚಿಸಿದ. ಟೀಚರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗೊರೇಬಾಳದಲ್ಲಿ ಒಲೆಯ ಹತ್ತಿರ ಮನುಷ್ಯರೇ ಇರಲಿಲ್ಲ. ತುರ್ವಿಹಾಳದಲ್ಲಿ ಊರೊಳಗೇ ಬಿಡಲಿಲ್ಲ. ಮೇಡಮ್ಮಿನ ಆಫೀಸಿನ ಒಲೆ ಬೀದಿಯಲ್ಲಿತ್ತು.

"ಡಾಕ್ಟರ್ ಹೇಳಿದ್ದು ನೀವು ಮಾಡಲಿಲ್ಲ. ಊರ ಮಂದಿ ಮಾಡಿಸ್ಯಾರ," ಅಂದಳು ಇಮಾಮ್‌ಬೀ, ಒಂದು ಕಲ್ಲು ಎತ್ತಿ ಅಂಗಳಕ್ಕೆ ಎಸೆದು. "ಹೋಗ್ರಿ. ಆ ಗೋಣಿ ತಿಪ್ಪಿಗೆ ಚೆಲ್ಲಿ, ಜಳಕಾ ಮಾಡ್ರಿ."

ಹೆಂಗಸರಿಗೆ ವೈದ್ಯ ತಿಳಿಯುವುದಿಲ್ಲ ಎಂದುಕೊಂಡ. ಆದರೂ ಗೋಣಿ ಚೆಲ್ಲಿದ, ಗಾಡಿ ತೊಳೆದ, ಮೂರು ಸಲ ಜಳಕ ಮಾಡಿದ. ಒಂದು ವಾರ ಕಳೆದು ಮೈ ಹಗುರಾದ ಮೇಲೆ, ಸಾಬೂನು ನೀರಿನ ಡಬ್ಬಿ ಹಿಡಿದು ರೇಣುಕಮ್ಮ ಟೀಚರ ಬಾಗಿಲಿಗೆ ಹೋದ. ಗುಳ್ಳೆ ಏಳಲಿಲ್ಲ. ಟೀಚರು ಗಾಳಿ ಎಳೆದು ನೋಡಿ, ಅತ್ತೆಯ ಕಡೆಯಿಂದಲೂ ನೋಡಿಸಿ, ಖುಷಿಯಿಂದ ಒಳಗೆ ಕರೆದರು. ಹೊಸ ಸಿಲಿಂಡರಿನ ಮೊದಲ ಉರಿಯ ಮೇಲೆ ಚಾ ಏರಿತು. ಹಳೆಯ ಬಾಕಿಯೆಲ್ಲ ಸೇರಿಸಿ ಸಕ್ಕರೆ ಹಾಕಿದ್ದರು. ಚಮಚ ಕಪ್ಪಿನ ನಡುವೆ ಬಂದೂಕಿನ ಸಿಪಾಯಿಯಂತೆ ನಿಂತಿತ್ತು.

"ಬೀಜ ತಿಂದ ಮ್ಯಾಲ ನಿನಗೇನು ಭಯ ಸಾಬಣ್ಣ. ಕುಡಿ," ಅಂದರು ಟೀಚರು.

ಬುಡ್ಡೇಸಾಬ ಕಪ್ಪು ಹಿಡಿದು ನಿಂತ. ಕುಡಿಯೋಣವೆಂದರೆ ಹಿಂದೆ ಇನ್ನೂ ಇಪ್ಪತ್ತನಾಲ್ಕು ಮನೆ ಕಾದಿವೆ. ಮೇಡಂ ಇನ್ನು ಮೂರು ತಿಂಗಳಿಗೊಮ್ಮೆ ಕಾಗದ ಬೇಕು ಅಂದಿದ್ದಾರೆ. ಗೋದಾಮಿನ ಕುರ್ಚಿಯ ಮೆತ್ತೆ ಇನ್ನೂ ತೆಗೆದಿಲ್ಲ. ಬೇಡವೆನ್ನೋಣವೆಂದರೆ ಶುಗರ್ ಇಳಿಸಿದ್ದು ಬೀಜವಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಮೂಗಂತೂ ಹೋಯಿತು, ಹಕೀಮಿಯೂ ಹೋಗುತ್ತದೆ. ಬಲಗಾಲ ಮೇಲೆ ನಿಂತ, ಎಡಗಾಲ ಮೇಲೆ ನಿಂತ. ಚಮಚ ಅಲುಗಲಿಲ್ಲ.

"ಬಂದೆ ಇರ್ರಿ ಟೀಚರಮ್ಮ," ಎಂದು ಕಪ್ಪನ್ನು ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದ. ನೇರ ಮನೆಯ ಹಿಂದಿನ ತಿಪ್ಪೆಗೆ ಹೋಗಿ, ಕಾಳಿನ ಸಮೇತ ಗೋಣಿ ಎಳೆದು, ಮಣ್ಣು ಕೊಡವಿ, ಎಂಜಿನ್ ಮೇಲೆ ಹಾಸಿ, ಅದರ ಮೇಲೆ ಸೀಟಿಟ್ಟು ಕುಳಿತ. ಇಮಾಮ್‌ಬೀ ಹಿತ್ತಿಲ ಬಾಗಿಲಿಂದ ನೋಡಿ, ಸೆರಗನ್ನು ಮೂಗಿಗೆ ತಂದುಕೊಂಡು ಒಳಗೆ ಹೋದಳು.

ಈಗಲೂ ಆ ಗಾಡಿ ಬರುತ್ತದೆ. ಬಾಗಿಲಲ್ಲಿ ನಿಂತು ಸಾಬೂನು ನೀರು ಬಿಡುತ್ತಾನೆ, ಗುಳ್ಳೆ ಇಲ್ಲದ್ದು ತೋರಿಸುತ್ತಾನೆ. ಮಂದಿಗೆ ಭಯವಿಲ್ಲ, ಹಾಗೆಂದು ಒಳಗೆ ಬಾ ಅನ್ನುವವರೂ ಇಲ್ಲ. ಅಲ್ಲೇ ಇಡು ಸಾಬಣ್ಣ ಅನ್ನುತ್ತಾರೆ. ದಿನಕ್ಕೆ ಆತನಿಗೆ ಸಿಗುವುದು ಒಂದೇ ಕಪ್ಪು, ಅದು ಮನೆಯಲ್ಲಿ, ಇಮಾಮ್‌ಬೀ ತೋಳು ಚಾಚಿ ದೂರದಿಂದ ಕೊಡುವ, ಸಕ್ಕರೆಯಿಲ್ಲದ ಚಾ. ಮೂರು ತಿಂಗಳ ಕಾಗದದಲ್ಲಿ ನೂರಾ ಹದಿನೆಂಟು ಇತ್ತು.

ಮೇಡಂ ಆ ಕಾಗದವನ್ನು ಕಿಟಕಿಯ ಸಂದಿಯಿಂದ ಇಸಿದುಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿದರು. ತಮಗೂ ಮೊನ್ನೆ ನೂರಾ ತೊಂಬತ್ತು ಬಂದಿದೆ, ಯಾರಿಗೂ ಹೇಳಬೇಡ. ಆ ಬೀಜ ದಿನಕ್ಕೆ ಎಷ್ಟು ತಿನ್ನಬೇಕು?

ಬುಡ್ಡೇಸಾಬ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸುಳ್ಳು ಹೇಳಲಿಲ್ಲ.

"ಅದು ತಿನ್ನೂದಲ್ರೀ ಮೇಡಂ," ಅಂದ. "ಅದರ ಮ್ಯಾಲ ಕುಂಡ್ರೂದು."